ಇಸ್ತ್ರಿ ಪೆಟ್ಟಿಗೆಯಿಂದ ವೆನೀರ್ ಅಂಟಿಸುವುದು: ಎಲ್ಲಿ ನಡೆಯುತ್ತೆ, ಎಲ್ಲಿ ಕೈಕೊಡುತ್ತೆ?

ಹೊಸಗೈ

ಎಲ್ಲರಿಗೂ ನಮಸ್ಕಾರ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ತಯಾರಿಸಿದ ಹಲಗೆ) ಮಾಡಿದ ಒಂದು ಪುಸ್ತಕದ ಕಪಾಟಿದೆ. ಗಟ್ಟಿಮುಟ್ಟಾಗಿದೆ, ನೋಡೋಕೆ ಮಾತ್ರ ಸಪ್ಪೆ. ಅದಕ್ಕೆ ತೇಗದ ವೆನೀರ್, ಅಂದರೆ ತೆಳ್ಳಗೆ ಸೀಳಿದ ಮರದ ಹಾಳೆ, ಹೊದಿಸಬೇಕು ಅಂದುಕೊಂಡಿದ್ದೀನಿ. ವೆನೀರ್ ಬರೀ ಹಾಳೆ, ಬೆನ್ನಿಗೆ ಕಾಗದ, ಬಟ್ಟೆ ಏನೂ ಇಲ್ಲ. ದಪ್ಪ 0.6 ಮಿ.ಮೀ. ಪಕ್ಕದ ಹಲಗೆಗಳು 300 ಮಿ.ಮೀ. ಅಗಲ, 1200 ಮಿ.ಮೀ. ಎತ್ತರ. ಹಾಳೆಯ ಅಗಲ 200 ಅಷ್ಟೇ, ಹಾಗಾಗಿ ನಡುವೆ ಒಂದು ಸಂದು ಬಂದೇ ಬರುತ್ತೆ. ಮೇಲಿನ ಹಲಗೆಯ ಮುಂದಿನ ಅಂಚು ದುಂಡಗಿದೆ, ಅದಕ್ಕೂ ಸುತ್ತಬೇಕು.

ಪ್ರೆಸ್ ಇಲ್ಲ, ದೊಡ್ಡ ಕ್ಲಾಂಪುಗಳೂ ಇಲ್ಲ. ಎರಡೂ ಕಡೆ ಅಂಟು ಬಳಿದು ಒಣಗಿಸಿ, ಮೇಲಿಂದ ಇಸ್ತ್ರಿ ಹಾಕಿದರೆ ಹಿಡಿದುಕೊಳ್ಳುತ್ತೆ ಅಂತ ಒಬ್ಬರು ಹೇಳಿದರು. ನಿಜವಾಗಿ ನಡೆಯುತ್ತಾ? ಯಾವ ಅಂಟು, ಎಷ್ಟು ಬಿಸಿ, ಆವಿ ಬೇಕಾ ಬೇಡವಾ?

ಉಳಿಬಾಚಿ

ನಡೆಯುತ್ತೆ ಕಣ್ರಿ, ಚೆನ್ನಾಗೇ ನಡೆಯುತ್ತೆ. ಸಣ್ಣ ಕೆಲಸಗಳಿಗೆಲ್ಲ ನಾನು ಇದನ್ನೇ ಮಾಡೋದು.

ಅಂಟು ಮರಗೆಲಸದ ಮಾಮೂಲಿ ಪಿವಿಎ. ಬಿಳಿಯದೂ ಆಗುತ್ತೆ, ಹಳದಿಯದೂ ಆಗುತ್ತೆ. ನೀರಿಗೆ ಜಗ್ಗಲ್ಲ ಅಂತ ಡಬ್ಬಿ ಮೇಲೆ ಬರೆದಿರೋದು ಮಾತ್ರ ಬೇಡ, ಕಾರಣ ಗೊತ್ತಿರೋರು ಹೇಳಲಿ. ಇಸ್ತ್ರಿಗೆ ಅಂತಲೇ ತಯಾರಿಸಿದ ವೆನೀರ್ ಅಂಟೂ ಇದೆ, ಸಿಕ್ಕರೆ ಅದು ಇನ್ನೂ ಒಳ್ಳೆಯದು.

ಸಣ್ಣ ಸ್ಪಂಜಿನ ರೋಲರ್ ತಗೊಳ್ಳಿ. ಬ್ರಷ್ ಬೇಡ. ಬ್ರಷ್ ಎಳೆದ ಗೆರೆಗಳು 0.6 ಮಿ.ಮೀ. ಹಾಳೆಯ ಮೇಲೆ ಎದ್ದು ಕಾಣ್ತವೆ. ಎಂಡಿಎಫ್‌ಗೂ ಬಳೀರಿ, ವೆನೀರಿನ ಹಿಂಬದಿಗೂ ಬಳೀರಿ. ಅಂಟು ತುಂಬ ಗಟ್ಟಿ ಇದ್ದರೆ ಹತ್ತು ಭಾಗಕ್ಕೆ ಒಂದು ಭಾಗ ನೀರು ಸೇರಿಸಬಹುದು, ಅದಕ್ಕಿಂತ ಜಾಸ್ತಿ ಬೇಡ. ಎಂಡಿಎಫ್‌ನ ಕತ್ತರಿಸಿದ ಅಂಚು ಅಂಟು ಕುಡಿದುಬಿಡುತ್ತೆ, ಅಲ್ಲಿಗೆ ಮೊದಲ ಕೋಟು ಒಣಗಿದ ಮೇಲೆ ಇನ್ನೊಂದು ಕೊಡಿ.

ಒಂದೇ ಬದಿಗೆ ಅಂಟು ಹತ್ತಿದ ಕೂಡಲೇ ವೆನೀರ್ ಸುರುಳಿ ಸುತ್ತಿಕೊಳ್ಳುತ್ತೆ. ಗಾಬರಿ ಬೇಡ. ಮೇಲ್ಬದಿಗೆ ತುಂತುರು ನೀರು ಹೊಡೆಯಿರಿ, ಎರಡೂ ಬದಿ ಸಮ ಹಿಗ್ಗಿ ಮಟ್ಟಸವಾಗುತ್ತೆ. ಹಾಲಿನ ಬಣ್ಣ ಪೂರ್ತಿ ಹೋಗಿ ಅಂಟು ಪಾರದರ್ಶಕ ಆಗಬೇಕು, ಬೆರಳಿಟ್ಟರೆ ಹತ್ತಬಾರದು. ಒಣಗಿದ ದಿನವೋ ಮರುದಿನವೋ ಇಸ್ತ್ರಿ ಹಾಕಿಬಿಡಿ. ವಾರಗಟ್ಟಲೆ ಬಿಟ್ಟರೆ ಅಂಟಿನ ಪದರ ಗಡಸಾಗಿ ಸರಿಯಾಗಿ ಬೆಸೆಯೋದಿಲ್ಲ. ಹಾಗೆ ತಡವಾದರೆ ಎಂಡಿಎಫ್ ಮೇಲೆ ಇನ್ನೊಂದು ತೆಳು ಕೋಟು ಬಳಿದು ಒಣಗಿಸಿ ಮುಂದುವರೀರಿ.

ಇಸ್ತ್ರಿಯನ್ನ ಹತ್ತಿ ಬಟ್ಟೆಯ ಗುರುತಿಗಿಂತ ಸ್ವಲ್ಪ ಕೆಳಗಿಡಿ. ಆವಿ ಬಂದ್, ತೊಟ್ಟಿಯಲ್ಲಿ ನೀರು ಇರಲೇಬಾರದು. ತಳದಲ್ಲಿ ತೂತುಗಳಿಲ್ಲದ ಹಳೇ ಡ್ರೈ ಇಸ್ತ್ರಿ ಇದ್ದರೆ ಅದೇ ಬೆಸ್ಟ್, ತೂತಿರೋ ಜಾಗದಲ್ಲಿ ಬಿಸಿ ಕಮ್ಮಿ ಬೀಳುತ್ತೆ. ನಡುವೆ ಖಾಲಿ ಕಂದು ಕಾಗದ ಇಡಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಮಸಿ ಮರಕ್ಕೆ ಬರುತ್ತೆ. ಮಧ್ಯದಿಂದ ಶುರು ಮಾಡಿ ಅಂಚಿನ ಕಡೆಗೆ ನಿಧಾನಕ್ಕೆ ಸಾಗಿ. ಒಂದು ಕೈಯಲ್ಲಿ ಇಸ್ತ್ರಿ, ಇನ್ನೊಂದು ಕೈಯಲ್ಲಿ ಅಂಚು ದುಂಡು ಮಾಡಿ ನುಣ್ಣಗೆ ಉಜ್ಜಿದ ಮರದ ತುಂಡು. ಇಸ್ತ್ರಿ ಮುಂದೆ ಹೋದ ಹಾಗೆ ಹಿಂದಿಂದ ಈ ತುಂಡಿನಿಂದ ಬಲವಾಗಿ ಒತ್ತಿ ಎಳೀಬೇಕು. ಕಾದ ಅಂಟಿಗೆ ಹಿಡಿತ ಇರಲ್ಲ, ತಣಿಯುವಾಗಲೇ ಅದು ಗಟ್ಟಿಯಾಗಿ ಕಚ್ಚೋದು. ಬರೀ ಇಸ್ತ್ರಿ ಓಡಿಸಿ ಬಿಟ್ಟುಬಿಡೋರು ಆಮೇಲೆ ಗುಳ್ಳೆ ಬಂತು ಅಂತಾರೆ.

ಮೊದಲು ಒಂದು ಚೂರು ಎಂಡಿಎಫ್ ಮೇಲೆ ಮಾಡಿ ನೋಡಿ. ಸಂದಿನ ಜೊತೆಗೇ ಮಾಡಿ, ನಿಜವಾದ ತಲೆನೋವು ಇರೋದೇ ಅಲ್ಲಿ.

ಕ್ಲಾಂಪೇ_ಗತಿ

ಬಿಸಿಗೆ ಹಿಡಿದದ್ದು ಬಿಸಿಗೇ ಬಿಡುತ್ತೆ. ಇಷ್ಟು ಹೇಳಿ ಸುಮ್ಮನಾಗ್ತೀನಿ. ಎರಡು ದಪ್ಪ ಹಲಗೆಗಳ ನಡುವೆ ಹಸಿ ಅಂಟಲ್ಲಿ ಇಟ್ಟು, ಮೇಲೆ ಅಡ್ಡಪಟ್ಟಿ ಕೊಟ್ಟು ಕ್ಲಾಂಪ್ ಬಿಗಿದರೆ ಈ ಯಾವ ಫಜೀತಿಯೂ ಇಲ್ಲ.

ಹಳೇ_ತೋಪಡ

ಕ್ಲಾಂಪ್ ಇಲ್ಲ ಅಂತ ಅವ್ರು ಮೊದಲ್ನೇ ಸಾಲಿನ್ಯಾಗ ಹೇಳ್ಯಾರಲ್ರೀ. ಇದ್ದಿದ್ರ ಯಾಕ ಕೇಳ್ತಿದ್ರು?

ಅಣುಕಣ

ಕ್ಲಾಂಪೇ_ಗತಿ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅದು ಪೂರ್ತಿ ಚಿತ್ರವೂ ಅಲ್ಲ. ನಾನು ಬಡಗಿ ಅಲ್ಲ, ರಸಾಯನಶಾಸ್ತ್ರ ಓದಿದವನು. ಅಂಟಿನ ಮಟ್ಟಿಗೆ ಹೇಳುತ್ತೇನೆ.

ಪಿವಿಎ ಅಂದರೆ ಪಾಲಿವಿನೈಲ್ ಅಸಿಟೇಟ್. ಜರ್ಮನಿಯ ಫ್ರಿಟ್ಸ್ ಕ್ಲಾಟ್ಟೆ 1912ರಲ್ಲಿ ಇದನ್ನು ಕಂಡುಹಿಡಿದರು. ಡಬ್ಬಿಯಲ್ಲಿರುವಾಗ ಅದು ನೀರಿನಲ್ಲಿ ತೇಲುವ ಅತಿಸಣ್ಣ ಪ್ಲಾಸ್ಟಿಕ್ ಕಣಗಳ ಸಮೂಹ. ಆ ಕಣಗಳು ಬೆಳಕನ್ನು ಚದುರಿಸುವುದರಿಂದ ಹಾಲಿನ ಬಣ್ಣ. ನೀರು ಆರಿದಂತೆ ಕಣಗಳು ಒತ್ತೊತ್ತಾಗಿ ಬೆಸೆದು ಪದರವಾಗುತ್ತವೆ, ಆಗ ಬಿಳುಪು ಮಾಯ. ಉಳಿಬಾಚಿ ಅವರು ಪಾರದರ್ಶಕ ಆಗುವವರೆಗೆ ಕಾಯಿರಿ ಎಂದದ್ದು ಇದಕ್ಕೇ.

ಇದು ಥರ್ಮೋಪ್ಲಾಸ್ಟಿಕ್, ಅಂದರೆ ಕಾಯಿಸಿದರೆ ಮೆದುವಾಗಿ ತಣಿದರೆ ಮತ್ತೆ ಗಟ್ಟಿಯಾಗುವ ಜಾತಿ. ಶುದ್ಧ ಪಿವಿಎ ಗಡಸುತನ ಬಿಟ್ಟು ರಬ್ಬರಿನಂತಾಗತೊಡಗುವುದು ಸುಮಾರು 30–45 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಗೇ ಅಂಟು ಬಿಟ್ಟುಹೋಗುತ್ತದೆ ಎಂದಲ್ಲ. ಇನ್ನೊಂದು ಪದರದೊಂದಿಗೆ ಬೆಸೆಯುವಷ್ಟು ಹರಿಯಬೇಕಾದರೆ ಇನ್ನೂ ಹೆಚ್ಚಿನ ಶಾಖ ಬೇಕು. ಇಸ್ತ್ರಿಯ ಮೇಲಿನ ಒಂದು, ಎರಡು, ಮೂರು ಚುಕ್ಕಿಗಳ ಅರ್ಥ ತಳದ ಬಿಸಿ ಸುಮಾರು 110, 150, 200 ಡಿಗ್ರಿ. 0.6 ಮಿ.ಮೀ. ಮರವನ್ನು ದಾಟಲು ಶಾಖಕ್ಕೆ ಕೆಲವೇ ಸೆಕೆಂಡು ಸಾಕು. ಎರಡು ಚುಕ್ಕಿಯಿಂದ ಶುರುಮಾಡಿ, ಸಾಲದಿದ್ದರೆ ಏರಿಸಿ. ಮೂರು ಚುಕ್ಕಿಯಲ್ಲಿಟ್ಟು ಒಂದೇ ಕಡೆ ನಿಲ್ಲಿಸಿದರೆ ಮರ ಕಂದುತ್ತದೆ.

ಇನ್ನು ನೀರಿಗೆ ಜಗ್ಗದ ಅಂಟಿನ ವಿಷಯ. ಯುರೋಪಿನ ಇಎನ್ 204 ಮಾನಕದಲ್ಲಿ ಡಿ1ರಿಂದ ಡಿ4ರವರೆಗೆ ನೀರು ತಡೆಯುವ ದರ್ಜೆಗಳಿವೆ. ಮೇಲಿನ ದರ್ಜೆಯ ಪಿವಿಎಗಳಲ್ಲಿ ಸಾಮಾನ್ಯವಾಗಿ ಸರಪಳಿಗಳ ನಡುವೆ ಅಡ್ಡಬಂಧ ಬೆಳೆಯುವಂತೆ ಮಾಡಿರುತ್ತಾರೆ. ಅಡ್ಡಬಂಧ ಬಿದ್ದ ಮೇಲೆ ಅದು ಬಿಸಿಗೂ ಸುಲಭವಾಗಿ ಮೆದುವಾಗುವುದಿಲ್ಲ. ಶಾಖ ತಾಳುವ ಶಕ್ತಿಗೆ ಬೇರೆ ಪರೀಕ್ಷೆ ಇದೆ, ಇಎನ್ 14257, ವಾಟ್ 91 ಅಂತಲೂ ಬರೆದಿರುತ್ತದೆ. ಅದರಲ್ಲಿ ಜೋಡಣೆಯನ್ನು 80 ಡಿಗ್ರಿಗೆ ಕಾಯಿಸಿ ಎಳೆದು ನೋಡುತ್ತಾರೆ. ಡಬ್ಬಿಯ ಮೇಲೆ ಈ ಗುರುತನ್ನು ಹೆಮ್ಮೆಯಿಂದ ಹಾಕಿದ್ದರೆ ಕಿಟಕಿ ಬಾಗಿಲಿಗೆ ಒಳ್ಳೆಯ ಅಂಟು, ಇಸ್ತ್ರಿ ಕೆಲಸಕ್ಕೆ ಅಷ್ಟಾಗಿ ಒಗ್ಗದ ಅಂಟು.

ಬಿಸಿಗೆ ಮೆದುವಾಗುವ ಗುಣವೇ ಈ ವಿಧಾನದ ಬಂಡವಾಳ. ಅದನ್ನು ಬಳಸಿಕೊಂಡ ಮೇಲೆ ಅದರ ಸಾಲವನ್ನೂ ಹೊರಬೇಕು. ಬಿಸಿಲು ನೇರ ಬೀಳುವ ಜಾಗದ ಗಾಢ ಬಣ್ಣದ ಹಲಗೆ, ಒಲೆಯ ಪಕ್ಕದ ಬಾಗಿಲು, ಬಿಸಿ ಪಾತ್ರೆ ಇಡುವ ಮೇಜು ಇಂಥವಕ್ಕೆ ಬೇಡ. ಕೋಣೆಯೊಳಗಿನ ಪುಸ್ತಕದ ಕಪಾಟಿಗೆ ಅಡ್ಡಿಯಿಲ್ಲ.

ಹೊಸಗೈ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬ ಥ್ಯಾಂಕ್ಸ್. ಉಳಿಬಾಚಿ ಸರ್ ಹೇಳಿದ ಹಾಗೆ ಚೂರಿನ ಮೇಲೆ ಮಾಡಿದೆ. ಹಿಡಿತ ನೋಡಿ ಆಶ್ಚರ್ಯವಾಯ್ತು, ಉಳಿ ಹಾಕಿ ಎಬ್ಬಿಸಿದರೆ ಎಂಡಿಎಫ್ ನಾರೇ ಕಿತ್ತು ಬಂತು.

ಸಂದು ಮಾತ್ರ ಬಿಟ್ಟಿತು. ಎರಡು ಹಾಳೆಗಳನ್ನು ಸ್ಟೀಲ್ ಸ್ಕೇಲ್ ಇಟ್ಟು ನೇರ ಕತ್ತರಿಸಿ, ತಾಗಿಸಿಟ್ಟು, ಇಸ್ತ್ರಿ ಹಾಕಿದೆ. ಹಾಕುವಾಗ ಕೂದಲೂ ತೂರದಷ್ಟು ಬಿಗಿಯಾಗಿತ್ತು. ಬೆಳಗ್ಗೆ ನೋಡಿದರೆ ಉದ್ದಕ್ಕೂ ಬಿಳಿ ಗೆರೆ, ಎಂಡಿಎಫ್ ಕಾಣ್ತಿದೆ. ಒಂದು ಹಾಳೆಯ ನಡುವೆ ಮರದ ನಾರಿನ ಎಳೆಯ ಗುಂಟ ಸಣ್ಣ ಬಿರುಕೂ ಇದೆ. ಬಿಸಿ ಜಾಸ್ತಿ ಆಯ್ತಾ?

ಪೆಟ್ಟಿಗೆಗಾತಿ

ಬಿಸಿಗಿಂತ ನೀರಿನ ಪಾತ್ರ ದೊಡ್ಡದು ಇಲ್ಲಿ. ನಾನು ಮರದ ಪೆಟ್ಟಿಗೆಗಳನ್ನು ಮಾಡ್ತೀನಿ, ಮುಚ್ಚಳಗಳಿಗೆಲ್ಲ ವೆನೀರ್. ಈ ಸಂದಿನ ಜೊತೆ ನನ್ನದು ಹಳೇ ಜಗಳ.

ನೀವು ಅಂಟು ಬಳಿದಿರಿ, ಮೇಲೆ ತುಂತುರು ನೀರು ಹೊಡೆದಿರಿ. ವೆನೀರ್ ಆ ನೀರು ಕುಡಿದು ಅಡ್ಡಕ್ಕೆ ಹಿಗ್ಗಿತು. ಅಂಟು ಒಣಗಿದೆ ಅಂತ ಬೆರಳಿಗೆ ಅನ್ನಿಸಿದರೂ ಮರದೊಳಗೆ ತೇವ ಉಳಿದಿರುತ್ತೆ. ಆ ಹಿಗ್ಗಿದ ಸ್ಥಿತಿಯಲ್ಲೇ ಅಳತೆ ಹಿಡಿದು ಕತ್ತರಿಸಿದರೆ ಇಸ್ತ್ರಿ ಅದನ್ನು ಒಂದೇ ಏಟಿಗೆ ಕೋಣೆಯ ಗಾಳಿಗಿಂತಲೂ ಹೆಚ್ಚು ಒಣಗಿಸಿಬಿಡುತ್ತೆ. ಮರ ಕುಗ್ಗುತ್ತೆ, ಕೆಳಗೆ ಅಂಟು ಇನ್ನೂ ಮೆದು, ಹಾಳೆ ಜಾರಿಕೊಂಡು ಸಂದಿನಿಂದ ಹಿಂದೆ ಸರಿಯುತ್ತೆ.

ಎಷ್ಟು ಕುಗ್ಗಬಹುದು ಅಂತ ಲೆಕ್ಕ ನೋಡಿ. ತೇಗ ಹಸಿಯಿಂದ ಪೂರ್ತಿ ಒಣಗುವವರೆಗೆ ವರ್ಷಬಳೆಗಳ ಗುಂಟ ಹೆಚ್ಚುಕಡಿಮೆ ಶೇ. 5–6 ಕುಗ್ಗುತ್ತೆ. ಕುಗ್ಗುವಿಕೆ ಶುರುವಾಗೋದು ತೇವಾಂಶ ಶೇ. 30ರ ಆಸುಪಾಸಿಗೆ ಇಳಿದ ಮೇಲೆ. ಅಂದರೆ ತೇವಾಂಶ 12ರಿಂದ 7ಕ್ಕೆ ಇಳಿದರೂ ಶೇ. 1ರಷ್ಟು ಕುಗ್ಗು. 200 ಮಿ.ಮೀ. ಹಾಳೆಗೆ ಅದು 2 ಮಿ.ಮೀ.! ಅಂಟು ಹಿಡಿದಿಟ್ಟುಕೊಳ್ಳೋದರಿಂದ ಅಷ್ಟೂ ಆಗೋದಿಲ್ಲ, ಆದರೆ ಬಿಳಿ ಗೆರೆ ಕಾಣಿಸೋಕೆ ಅರ್ಧ ಮಿಲಿಮೀಟರ್ ಸಾಕಲ್ಲ. ಜಾರೋಕೂ ಆಗದೆ ಸಿಕ್ಕಿಹಾಕಿಕೊಂಡ ಕಡೆ ಬಿರುಕು. ಉದ್ದಕ್ಕೆ ಮರ ಕುಗ್ಗೋದು ಅತ್ಯಲ್ಪ, ಅದರ ಚಿಂತೆ ಬೇಡ.

ನಾನು ಮಾಡೋದು ಹೀಗೆ. ಅಂಟು ಬಳಿದ ಹಾಳೆಗಳನ್ನು ರಾತ್ರಿಯಿಡೀ ಒಣಗೋಕೆ ಬಿಡ್ತೀನಿ, ಎರಡು ಹಲಗೆಗಳ ನಡುವೆ ಹಗುರ ಭಾರ ಹೇರಿ, ಅಂಟು ಹತ್ತದ ಬೇಕಿಂಗ್ ಕಾಗದ ಮಧ್ಯೆ ಇಟ್ಟು. ಮೊದಲು ಹಾಳೆಯನ್ನು ಅಂಟಿಸದೆ, ಕಾಗದದ ಮೇಲೆ ಬರೀ ಬೆಚ್ಚಗಿನ ಇಸ್ತ್ರಿ ಒಂದು ಸಲ ಓಡಿಸಿ, ಕುಗ್ಗೋದೆಲ್ಲ ಅಲ್ಲೇ ಕುಗ್ಗಲಿ ಅಂತ ಬಿಡ್ತೀನಿ. ಆಮೇಲೆ ಸಂದಿನ ಹತ್ತಿರ ಎರಡೂ ಹಾಳೆಗಳನ್ನು 15–20 ಮಿ.ಮೀ. ಒಂದರ ಮೇಲೊಂದು ಬರುವಂತೆ ಇಟ್ಟು, ಸಂದಿನ ಪಕ್ಕದ ಒಂದಿಷ್ಟು ಅಗಲವನ್ನು ಹಾಗೇ ಬಿಟ್ಟು, ಉಳಿದ ಭಾಗಕ್ಕೆ ಮಾತ್ರ ಇಸ್ತ್ರಿ ಹಾಕಿ ಅಂಟಿಸೋದು. ಅದು ಪೂರ್ತಿ ತಣಿಯಲಿ. ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಎರಡೂ ಪದರ ಒಟ್ಟಿಗೇ ಕತ್ತರಿಸಿ, ಚೂರುಗಳನ್ನು ತೆಗೆದುಹಾಕಿ. ಒಂದೇ ಕಡಿತದಲ್ಲಿ ಎರಡೂ ಅಂಚು ಬಂದಿದ್ದರಿಂದ ಅವು ಪರಸ್ಪರ ಕೂರಲೇಬೇಕು. ಈಗ ಅಂಟಿಸದೆ ಬಿಟ್ಟ ಆ ಭಾಗವನ್ನು ಹೊರಗಿನಿಂದ ಸಂದಿನ ಕಡೆಗೆ ತಳ್ಳುತ್ತಾ ಅಂಟಿಸಿ.

ಇನ್ನೊಂದು ಸೂಕ್ಷ್ಮ. ಸಂದಿಗೆ ಅಂಟಿಸದೆ ಬಿಟ್ಟ ಭಾಗ ಸ್ವಲ್ಪವೇ ಸ್ವಲ್ಪ ಉಬ್ಬಿ ನಿಂತಿರಲಿ. ಒತ್ತಿದಾಗ ಎರಡು ಅಂಚುಗಳೂ ಒಂದನ್ನೊಂದು ತಳ್ಳುತ್ತವೆ, ಕುಗ್ಗಿದರೂ ತಾಗಿಕೊಂಡೇ ಇರ್ತವೆ.

ಕೊನೇದಾಗಿ, ವೆನೀರಿಗೆ ಒಳಮುಖ ಹೊರಮುಖ ಅಂತ ಇದೆ. ಅಲಗಿನಿಂದ ಸೀಳುವಾಗ ಒಂದು ಮುಖದಲ್ಲಿ ಕಣ್ಣಿಗೆ ಕಾಣದ ಸೀಳುಗಳು ಬೀಳ್ತವೆ. ಮಡಿಕೆ ಎಳೆಯ ಗುಂಟ ಬರೋ ಹಾಗೆ ಬಾಗಿಸಿ ನೋಡಿ, ಯಾವ ಕಡೆಗೆ ಸಲೀಸಾಗಿ ಬಾಗುತ್ತೋ ಆಗ ಹೊರಗೆ ಉಬ್ಬಿದ ಮುಖ ಸೀಳುಬಿದ್ದದ್ದು. ಅದನ್ನೇ ಅಂಟಿನ ಕಡೆಗೆ ಇಡಿ. ಎರಡು ಹಾಳೆ ಪುಸ್ತಕ ಬಿಚ್ಚಿದ ಹಾಗೆ ಎದುರುಬದುರು ಜೋಡಿಸುವಾಗ ಈ ನಿಯಮ ಪಾಲಿಸೋಕೆ ಆಗಲ್ಲ, ಒಂದು ಉಲ್ಟಾ ಬಂದೇ ಬರುತ್ತೆ. ಅಂಥ ಕೆಲಸವನ್ನು ನಾನು ಇಸ್ತ್ರಿಯಲ್ಲಿ ಮಾಡೋದೇ ಇಲ್ಲ. ಬರ್ಲ್ ಅಂತಾರಲ್ಲ, ಸುಳಿಸುಳಿಯಾದ ಗಂಟುಮರ, ಅದನ್ನೂ ಅಷ್ಟೇ.

ಉಳಿಬಾಚಿ

ಪೆಟ್ಟಿಗೆಗಾತಿ ಮೇಡಂ ಬರೆದದ್ದು ಹದಿನಾರಾಣೆ ಸತ್ಯ. ಇನ್ನೊಂದು ಸೇರಿಸ್ತೀನಿ: ಬ್ಲೇಡ್ ಎಳೆಯ ಹಿಂದೆ ಓಡೋಕೆ ನೋಡುತ್ತೆ. ಒಂದೇ ಸಲ ಬಲ ಹಾಕಿ ಕತ್ತರಿಸಬೇಡಿ. ಮೊದಲ ಸಲ ಬರೀ ಗೆರೆ, ಎರಡು ಮೂರು ಸಲಕ್ಕೆ ಪೂರ್ತಿ. ಎಳೆಗೆ ಅಡ್ಡ ಕತ್ತರಿಸುವಾಗ ಕೊನೆಯಲ್ಲಿ ಚಕ್ಕೆ ಏಳುತ್ತೆ, ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ.

ಕ್ಲಾಂಪೇ_ಗತಿ

ಇಷ್ಟೆಲ್ಲ ಸರ್ಕಸ್ ಮಾಡುವ ಹೊತ್ತಿಗೆ ನಾನು ನಾಲ್ಕು ಹಲಗೆ ಒತ್ತಿಟ್ಟು ಮಲಗಿ ಎದ್ದಿರ್ತೀನಿ. 😄

ತಮಾಷೆ ಬಿಡಿ. ಪಿವಿಎ ಹಸಿಯಾಗಿ ಒತ್ತಿದರೂ ಈ ಜಾರುವ ಗುಣ ಇದ್ದೇ ಇರುತ್ತೆ ಅನ್ನೋದನ್ನೂ ಹೇಳಬೇಕು. ಋತು ಬದಲಾದಂತೆ ಅಂಟಿನ ಪದರ ನಿಧಾನಕ್ಕೆ ಹಿಗ್ಗಿ, ಸಂದುಗಳು ಕೈಗೆ ತಡೆಯೋ ಹಾಗೆ ಎದ್ದುನಿಲ್ಲೋದು ನೋಡಿದ್ದೀನಿ. ಅದಕ್ಕೇ ದೊಡ್ಡ ಮೇಜಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಒಮ್ಮೆ ಗಟ್ಟಿಯಾದರೆ ಕಲ್ಲು, ಬಿಸಿಗೂ ಕರಗಲ್ಲ. ವಾಸನೆ, ಹೊಗೆ ಕೆಟ್ಟದ್ದು, ಗಾಳಿ ಆಡೋ ಕಡೆ ಮಾಡಬೇಕು.

ಗೀಚುಗೆರೆ

ನನ್ನದೊಂದು ಪ್ರಶ್ನೆ, ಮಧ್ಯೆ ಬಂದೆ ಕ್ಷಮಿಸಿ. ನನ್ನ ಹತ್ತಿರ ಇರೋ ವೆನೀರ್ 4 ಮಿ.ಮೀ. ಇದೆ. ಅದಕ್ಕೂ ಇಸ್ತ್ರಿ ಹಾಕಬಹುದಾ?

ಹಳೇ_ತೋಪಡ

ಅದು ಪ್ಲೈ ಮ್ಯಾಲೆ ಮೊದಲ ಅಂಟಿಸಿ ಕೊಟ್ಟಿರೋದು ಬಿಡ್ರಿ. ಅದರಾಗ ವೆನೀರ್ ಅರ್ಧ ಮಿಲಿಮೀಟರ್ ಅಷ್ಟ. ಅದಕ್ಕ ಇಸ್ತ್ರಿ ಕಾವು ಕೆಳಗ ಮುಟ್ಟಂಗಿಲ್ಲ, ಮ್ಯಾಲೆ ಮರ ಸುಡತೈತಿ. ಹಸಿ ಅಂಟು ಹಚ್ಚಿ ಭಾರ ಹೇರ್ರಿ, ಇಲ್ಲಾ ರಬ್ಬರ್ ಅಂಟು ಹಚ್ಚಿ ಒತ್ರಿ.

ಗೀಚುಗೆರೆ

ಓಹ್, ಸರಿ. ಹಾಗಾದರೆ ಹೊಸಗೈ ಅವರೂ ರಬ್ಬರ್ ಅಂಟನ್ನೇ ಬಳಸಬಹುದಲ್ಲ? ಇಸ್ತ್ರಿಯ ಗೋಜೇ ಇರಲ್ಲ.

ಪೆಟ್ಟಿಗೆಗಾತಿ

ಬೆನ್ನಿಗೆ ಏನೂ ಇಲ್ಲದ ತೆಳು ಹಾಳೆಗೆ ರಬ್ಬರ್ ಅಂಟು ನನಗಂತೂ ಸೇರದು. ತಾಗಿದ ಕ್ಷಣವೇ ಹಿಡಿಯುತ್ತೆ, ವಕ್ರ ಕೂತರೆ ಸರಿಪಡಿಸೋಕೆ ಬಿಡಲ್ಲ. ಆಮೇಲೆ ತಿನ್ನರ್ ಕಲೆಸಿದ ಪಾಲಿಶ್ ಮರದ ರಂಧ್ರಗಳಿಂದ ಇಳಿದು ಅಂಟನ್ನೇ ಮೆದು ಮಾಡಿ ಗುಳ್ಳೆ ಎಬ್ಬಿಸಬಹುದು. ಇಸ್ತ್ರಿಯಲ್ಲಿ ಅಂಟು ಒಣಗಿರುವಾಗ ಹಾಳೆಯನ್ನು ನಿಧಾನಕ್ಕೆ ಜರುಗಿಸಿ, ನೋಡಿ, ಮತ್ತೆ ಜರುಗಿಸಿ ಕೂರಿಸಬಹುದು. ತಪ್ಪಾದರೆ ಅದೇ ಇಸ್ತ್ರಿಯಿಂದ ಕಾಯಿಸಿ, ಅಗಲ ಪಟ್ಟಿ ತೂರಿಸಿ ಎಬ್ಬಿಸಬಹುದು. ಕ್ಲಾಂಪೇ_ಗತಿ ಅವರು ದೋಷ ಅಂದದ್ದೇ ಇಲ್ಲಿ ಉಪಕಾರ.

ಅಣುಕಣ

ಹಳೆಯ ಪೀಠೋಪಕರಣ ದುರಸ್ತಿ ಮಾಡುವವರು ಸರೇಸನ್ನು ಇಂದಿಗೂ ಬಿಡದಿರುವುದು ಅದೇ ಕಾರಣಕ್ಕೆ. ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ಮಾಡುವ ಅಂಟು. ಸುಮಾರು 60 ಡಿಗ್ರಿಯಲ್ಲಿ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಬಳಿಯುತ್ತಾರೆ. ತಣಿಯುತ್ತಿದ್ದಂತೆ ಲೋಳೆಯಾಗಿ ಹಿಡಿಯುತ್ತದೆ. ಪ್ರೆಸ್ ಇಲ್ಲದ ಕಾಲದಲ್ಲಿ ವೆನೀರ್ ಹೊದಿಸಿದ್ದು ಹೀಗೇ: ಬಿಸಿ ಅಂಟು, ಮೇಲಿಂದ ಹಿತ್ತಾಳೆ ಅಲಗಿನ ಒತ್ತುಪಟ್ಟಿಯಲ್ಲಿ ಅಂಕುಡೊಂಕಾಗಿ ಎಳೆದು ಹೆಚ್ಚುವರಿ ಅಂಟನ್ನು ಅಂಚಿಗೆ ಹೊರಡಿಸುವುದು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಇಟ್ಟರೆ ನೂರು ವರ್ಷದ ಸರೇಸೂ ಬಿಟ್ಟುಕೊಡುತ್ತದೆ. ಯೂರಿಯಾ ಅಂಟು, ಎಪಾಕ್ಸಿಗಳ ಜೊತೆ ಆ ಆಟ ನಡೆಯುವುದಿಲ್ಲ.

ಮರಹುಳ

ಒದ್ದೆ ಬಟ್ಟೆ ಅಂದಾಗ ನೆನಪಾಯ್ತು. ಓಕ್ ವೆನೀರಿಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕಿದ್ದೆ, ನೀಲಿಗಪ್ಪು ಕಲೆಗಳು ಬಂದಿವೆ. ಸುಟ್ಟದ್ದಾದರೆ ಕಂದು ಇರಬೇಕಿತ್ತು. ಏನಿದು?

ಅಣುಕಣ

ಸುಟ್ಟದ್ದಲ್ಲ. ಓಕ್, ವಾಲ್ನಟ್ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳ. ಅದಕ್ಕೆ ಕಬ್ಬಿಣವೂ ನೀರೂ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಕಬ್ಬಿಣ ಎಲ್ಲಿಂದ ಬಂತು ಅಂತ ಹುಡುಕಿ: ಇಸ್ತ್ರಿಯ ತಳ, ಆವಿಯ ತೂತಿನ ತುಕ್ಕು, ಉಜ್ಜಲು ಬಳಸಿದ ಸ್ಟೀಲ್ ವುಲ್‌ನ ಚೂರುಗಳು. ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಒರೆಸಿದರೆ ಕಲೆ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿ, ಆಮೇಲೆ ಶುದ್ಧ ನೀರಿನ ಬಟ್ಟೆಯಿಂದ ಚೆನ್ನಾಗಿ ತೆಗೆಯಿರಿ. ಒಣಗಿದ ಉಳಿಕೆಯನ್ನು ಉಜ್ಜಿ ಪುಡಿ ಮೂಗಿಗೆ ಹೋಗಲು ಬಿಡಬೇಡಿ. ನೀರು ಹೆಚ್ಚಾದರೆ ಪಿವಿಎಯೂ ಸಡಿಲಾಗಬಹುದು, ಹಿಂಡಿದ ಬಟ್ಟೆಯಲ್ಲೇ ಕೆಲಸ ಮುಗಿಸಿ.

ಹೊಸಗೈ

ಪಕ್ಕದ ಹಲಗೆಗಳು ಮುಗಿದವು! ಪೆಟ್ಟಿಗೆಗಾತಿ ಮೇಡಂ ಹೇಳಿದ ಎರಡು ಪದರ ಒಟ್ಟಿಗೆ ಕತ್ತರಿಸುವ ಉಪಾಯ ಅದ್ಭುತ, ಸಂದು ಎಲ್ಲಿದೆ ಅಂತ ಹುಡುಕಬೇಕು. ಅಂಟು ಬಳಿಯುವ ಮುಂಚೆ ತೇಗದ ಎಣ್ಣೆಯಂಶ ತೆಗೆಯೋಕೆ ಅಸಿಟೋನ್ ಒರೆಸಿದೆ, ಬೇರೆ ಕಡೆ ಓದಿದ್ದು.

ಈಗ ಎರಡು ಸಮಸ್ಯೆ. ಉಗುರಿನಿಂದ ತಟ್ಟಿದರೆ ಒಂದೆರಡು ಕಡೆ ಟೊಳ್ಳು ಸದ್ದು. ಮತ್ತೆ ಆ ದುಂಡು ಅಂಚು, ಅದಕ್ಕೆ ಕೈ ಹಾಕೋಕೆ ಧೈರ್ಯ ಸಾಲ್ತಿಲ್ಲ.

ಉಳಿಬಾಚಿ

ಅಸಿಟೋನ್ ಒರೆಸಿದ್ದು ಸರಿಯೇ. ಆದರೆ ಒರೆಸಿ ಆರಿದ ಕೂಡಲೇ ಅಂಟು ಬಳೀಬೇಕು, ತಡ ಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಅದರ ಆವಿಗೆ ಬೆಂಕಿ ಹತ್ತುತ್ತೆ, ಕಾದ ಇಸ್ತ್ರಿ ಹತ್ತಿರ ಬಾಟಲಿ ಇಡಬೇಡಿ.

ಟೊಳ್ಳು ಜಾಗಕ್ಕೆ ಮೊದಲು ಮತ್ತೆ ಕಾಯಿಸಿ ಒತ್ತಿ, ತಣಿಯೋವರೆಗೂ ಮರದ ತುಂಡು ಎತ್ತಬೇಡಿ. ಬಹುತೇಕ ಅಷ್ಟಕ್ಕೇ ಕೂರುತ್ತೆ. ಆಗಲೂ ಟೊಳ್ಳು ಅಂದರೆ ಅಲ್ಲಿ ಅಂಟು ಕಮ್ಮಿ ಬಿದ್ದಿದೆ ಅಂತ ಅರ್ಥ. ಎಳೆಯ ಗುಂಟ ಹರಿತ ಬ್ಲೇಡಿನಿಂದ ಒಂದು ಸೀಳು ಕೊಟ್ಟು, ಸಿರಿಂಜಿನಲ್ಲಿ ಒಂದು ತೊಟ್ಟು ಅಂಟು ತೂರಿಸಿ, ಹೊರಗೆ ಬಂದದ್ದನ್ನ ಒರೆಸಿ, ಕಾಗದ ಹಾಕಿ ಇಸ್ತ್ರಿಯಿಂದ ಒಣಗೋವರೆಗೂ ಕಾಯಿಸಿ ಒತ್ತಿ. ಎಳೆಗೆ ಅಡ್ಡ ಸೀಳಬೇಡಿ, ಆ ಗಾಯ ಮುಚ್ಚಲ್ಲ.

ಹಳೇ_ತೋಪಡ

ದುಂಡು ಅಂಚಿಗೆ ಹೆದರಬ್ಯಾಡ್ರಿ. ಖರೇ ಹೇಳಬೇಕಂದ್ರ ಇಸ್ತ್ರಿ ಇರೋದ ಅದಕ್ಕ. ಚಪ್ಪಟೆ ಹಲಗಿ ಯಾರ ಬೇಕಾದ್ರೂ ಒತ್ತಿಡ್ತಾರ, ದುಂಡಗಿರೋದಕ್ಕ ಪ್ರೆಸ್ ಹಾಕೋದು ಕಷ್ಟ.

ಎಳಿ ಅಂಚಿನ ಉದ್ದಕ್ಕ ಬರೂಹಂಗ ಪಟ್ಟಿ ಕತ್ತರಿಸ್ರಿ. ಎಳಿ ಉದ್ದಕ್ಕಿದ್ರ ವೆನೀರ್ ಸುಲಭ ಸುತ್ತತೈತಿ, ಅಡ್ಡ ಇದ್ರ ಲಟಕ್ ಅಂತ ಮುರಿತೈತಿ. ಅಗಲ ಬೇಕಾದ್ದಕ್ಕಿಂತ ಎರಡೂ ಕಡೆ ಬೆರಳಗಲ ಜಾಸ್ತಿ ಇಡ್ರಿ. ಮೊದಲ ಮ್ಯಾಲಿನ ಚಪ್ಪಟೆ ಕಡೆ ಅಂಟಿಸ್ರಿ, ತಣೀಲಿ. ಆಮ್ಯಾಲೆ ಇಸ್ತ್ರಿ ಮೂತಿಲೆ ಸ್ವಲ್ಪ ಸ್ವಲ್ಪ ಕಾಯಿಸ್ತಾ ಕೆಳಗ ಇಳಸ್ಕೋತ ಹೋಗ್ರಿ. ಕಾದ ಮರ ತಾನ ಬಾಗತೈತಿ. ದಪ್ಪ ಕೈಗವಸು ಹಾಕ್ಕೊಂಡು ಅಂಗೈಲೆ ಒತ್ತಿ ಹಿಡೀರಿ, ಮರದ ತುಂಡು ಅಲ್ಲಿ ಕೂಡಂಗಿಲ್ಲ.

ಭಾಳ ಸಣ್ಣ ದುಂಡು ಇದ್ರ ಮುರಿಯೋ ಸಂಭವ ಐತಿ. ಅಂಥಾ ಕಡೆ ಪಟ್ಟಿ ಹೊರಮೈಗೆ ಸ್ವಲ್ಪ ನೀರು ಸವರಿ ಕಾಯಿಸ್ರಿ. ಸಂದು ಇಲ್ಲದ ಕಡೆ ಅಷ್ಟು ನೀರು ನಡೀತೈತಿ.

ಮರಹುಳ

ಅಂಚಿಗೆ ಅಂಟು ಬಳಿದೇ ಬರುವ ರೆಡಿ ಪಟ್ಟಿ ಸಿಗುತ್ತಲ್ಲ, ಅದೂ ಇದೇ ಅಂಟಾ?

ಅಣುಕಣ

ಅಲ್ಲ. ಅದರ ಬೆನ್ನಿಗಿರುವುದು ಹೆಚ್ಚಾಗಿ ಇವಿಎ ಎಂಬ ಹಾಟ್‌ಮೆಲ್ಟ್. ಅದರಲ್ಲಿ ನೀರೇ ಇಲ್ಲ, ಆದ್ದರಿಂದ ಹಿಗ್ಗುವ ಕುಗ್ಗುವ ತಕರಾರೂ ಇಲ್ಲ. ಬಿಸಿಗೆ ಕರಗುತ್ತದೆ, ತಣಿದರೆ ಹಿಡಿಯುತ್ತದೆ. ನೇರ ಅಂಚಿಗೆ ಅದಕ್ಕಿಂತ ಸುಲಭದ್ದಿಲ್ಲ.

ಕ್ಲಾಂಪೇ_ಗತಿ

ಹೊಸಗೈ, ಒಂದು ಮಾತು ಯಾರೂ ಕೇಳಿಲ್ಲ. ಹಲಗೆಯ ಒಳಮುಖಕ್ಕೂ ವೆನೀರ್ ಹಾಕಿದ್ದೀರಾ? ಒಂದೇ ಮುಖಕ್ಕೆ ಹಾಕಿದರೆ ಅದು ಒಣಗಿ ಕುಗ್ಗುವಾಗ ಹಲಗೆಯನ್ನೇ ತನ್ನ ಕಡೆ ಬಾಗಿಸುತ್ತೆ.

ಹೊಸಗೈ

ಇಲ್ಲ ಸರ್, ಹೊರಗೆ ಮಾತ್ರ. ಹಲಗೆಗಳನ್ನು ಕಪಾಟಿನಿಂದ ಬಿಚ್ಚಿಲ್ಲ. ಒಳಗೆ ಐದು ಅಡ್ಡಹಲಗೆಗಳಿವೆ, ಎಲ್ಲ ಸ್ಕ್ರೂ ಹಾಕಿ ಕೂರಿಸಿದ್ದು.

ಕ್ಲಾಂಪೇ_ಗತಿ

ಹಾಗಾದರೆ ಚಿಂತೆಯಿಲ್ಲ, ಅಡ್ಡಹಲಗೆಗಳೇ ಹಿಡಿದಿಟ್ಟುಕೊಳ್ತವೆ. ಬಾಗಿಲು ಮಾಡುವುದಾದರೆ ಮಾತ್ರ ಎರಡೂ ಮುಖಕ್ಕೆ ಹಾಕಲೇಬೇಕು, ಒಳಮುಖಕ್ಕೆ ಅಗ್ಗದ ವೆನೀರ್ ಆದರೂ ಸರಿ, ದಪ್ಪ ಒಂದೇ ಇರಲಿ.

ನೀವು ಹಾಕಿದ ಸಂದಿನ ಫೋಟೋ ನೋಡಿದೆ. ಇಸ್ತ್ರಿಯಲ್ಲಿ ಇಷ್ಟು ಬಿಗಿ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಮೇಜಿಗೆ ಮಾತ್ರ ನಾನು ಈಗಲೂ ಒಪ್ಪಲ್ಲ.

ಪೆಟ್ಟಿಗೆಗಾತಿ

ಮೇಜಿಗೆ ನಾನೂ ಒಪ್ಪಲ್ಲ, ಅಲ್ಲಿಗೆ ಜಗಳ ಮುಗೀತು.

ಹೊಸಗೈ

ದುಂಡು ಅಂಚೂ ಕೂತಿತು. ಹಳೇ_ತೋಪಡ ಅಣ್ಣ, ನೀವು ಹೇಳಿದ ಹಾಗೆ ಕಾದ ಮರ ತಾನೇ ಬಾಗಿತು, ಮುರಿಯಲಿಲ್ಲ. ಹೊರಗೆ ಚಾಚಿದ ಭಾಗವನ್ನು ಹೇಗೆ ತೆಗೆಯೋದು? ಪಾಲಿಶ್‌ಗೆ ಮುಂಚೆ ಎಷ್ಟು ಉಜ್ಜಬಹುದು?

ಹಳೇ_ತೋಪಡ

ಹೆಚ್ಚಿಗೀ ಭಾಗ ಬ್ಲೇಡಿಲೆ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸ್ರಿ. ಉಳಿದಿದ್ದು ನಯವಾದ ಅರದಿಂದ ಒಳಮುಖ ತಳ್ಳಿ ತಗೀರಿ. ಹೊರಗ ಎಳದ್ರಿ ಅಂದ್ರ ಅಂಚು ಎದ್ದು ಬರತೈತಿ.

ಪೆಟ್ಟಿಗೆಗಾತಿ

ಉಜ್ಜೋಕೆ ಮುಂಚೆ ಒಂದು ದಿನ ಬಿಡಿ, ಇಸ್ತ್ರಿಯಿಂದ ಒಣಗಿದ ಮರ ಕೋಣೆಯ ತೇವಕ್ಕೆ ಹೊಂದಿಕೊಳ್ಳಲಿ. ಆಮೇಲೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಇಡೀ ಮೈ ಒರೆಸಿ ನೋಡಿ. ರಂಧ್ರಗಳಿಂದ ಅಂಟು ಮೇಲೆ ಬಂದ ಕಡೆ ಒದ್ದೆಯಾಗದೆ ತಿಳಿಯಾಗಿ ಕಾಣುತ್ತೆ, ಪೆನ್ಸಿಲಿನಿಂದ ಗುರುತು ಹಾಕಿ. ಪಾಲಿಶ್ ಕೊಟ್ಟ ಮೇಲೆ ಅದು ಕಂಡರೆ ಮತ್ತೆ ಎಲ್ಲ ಕೆರೆದು ತೆಗೀಬೇಕಾಗುತ್ತೆ.

ಉಜ್ಜೋದು ಕೈಯಲ್ಲೇ, ಎಳೆಯ ಗುಂಟ, ಮರದ ತುಂಡಿಗೆ ಸುತ್ತಿದ 180ನೇ ನಂಬರಿನ ಮರಳು ಕಾಗದದಿಂದ. ಆಮೇಲೆ 220. ಬೆಲ್ಟ್ ಸ್ಯಾಂಡರ್ ಹತ್ತಿರವೂ ತರಬೇಡಿ, 0.6 ಮಿ.ಮೀ. ಅದಕ್ಕೆ ಒಂದು ಉಸಿರು. ಮೂಲೆಗಳಲ್ಲಿ, ದುಂಡು ಅಂಚಿನ ನೆತ್ತಿಯಲ್ಲಿ ಎರಡೇ ಎಳೆತ ಸಾಕು. ಅಲ್ಲೇ ಎಲ್ಲರೂ ತೂತು ಮಾಡೋದು. ಮೊದಲ ಕೋಟು ತೆಳುವಾಗಿ ಶೆಲಾಕ್ (ಅರಗಿನ ಪಾಲಿಶ್) ಕೊಡಿ, ಅದರ ಮೇಲೆ ನಿಮಗೆ ಬೇಕಾದ್ದು ಹಾಕಬಹುದು. ನೀರು ಮಿಶ್ರಿತ ಪಾಲಿಶನ್ನು ನೇರವಾಗಿ ಧಾರಾಳ ಬಳಿದರೆ ಹಾಳೆ ಮತ್ತೆ ಹಿಗ್ಗಿ, ಅಂಟು ಕಮ್ಮಿ ಇರುವ ಕಡೆ ಏಳುತ್ತೆ.

ಉಳಿಬಾಚಿ

ಇಸ್ತ್ರಿ ತಳಕ್ಕೆ ಅಂಟು ಹತ್ತಿದ್ದರೆ ಬೆಚ್ಚಗಿರುವಾಗಲೇ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ, ತಣಿದ ಮೇಲೆ ಕೆರೆಯೋದು ಕಷ್ಟ. ಮತ್ತೆ ಅದನ್ನ ಬಟ್ಟೆ ಇಸ್ತ್ರಿಗೆ ವಾಪಸ್ ಇಡಬೇಡಿ, ಮರಗೆಲಸದ ಡಬ್ಬಿಗೇ ಹಾಕಿ.

ಹೊಸಗೈ

ಅದು ಮನೆಯವರು ಆಗಲೇ ನಿರ್ಧಾರ ಮಾಡಿಯಾಗಿದೆ ಸರ್. 😅 ಶೆಲಾಕ್ ಒಣಗಿದ ಮೇಲೆ ಫೋಟೋ ಹಾಕ್ತೀನಿ.